ಸುಸ್ತಾಗಿದ್ದರೂ ಬನ್ನಿ

"ಕೆಲಸ ಮುಗಿಸಿ ಬಂದ ಮೇಲೆ ಯಾರ ಮುಖ ನೋಡೋಕೂ ಶಕ್ತಿ ಇರಲ್ಲ" ಅನ್ನುವವರು ನನ್ನ ಸುತ್ತಮುತ್ತ ಎಷ್ಟು ಜನ ಇದ್ದಾರೋ! ಇವರಿಗೆ ಸ್ನೇಹಿತರು ಬೇಡವಾಗಿಲ್ಲ. ಪ್ರೀತಿಯೂ ಕಮ್ಮಿಯಾಗಿಲ್ಲ. "ಈ ವಾರ ಸಿಗೋಣ್ವಾ?" ಅಂತ ಬಂದ ಮೆಸೇಜನ್ನು ಓದುತ್ತಾರೆ, ಖುಷಿಯೂ ಪಡುತ್ತಾರೆ. ಆದರೆ ಉತ್ತರ ಬರೆಯೋಕೆ ಕೈ ಏಳುವುದಿಲ್ಲ. ನಾಳೆ ಬರೆಯೋಣ ಅಂದದ್ದು ಮುಂದಿನ ವಾರಕ್ಕೆ ಹೋಗುತ್ತದೆ. ಆಮೇಲೆ, ಇಷ್ಟು ದಿನ ಸುಮ್ನಿದ್ದು ಈಗ ಏನಂತ ಬರೆಯೋದು ಅನ್ನುವ ಸಂಕೋಚ ಶುರುವಾಗುತ್ತದೆ. ಅಲ್ಲಿಗೆ ಆ ಭೇಟಿಯ ಕಥೆ ಮುಗಿಯಿತು.

ಇದಕ್ಕೆ ಸೋಮಾರಿತನ ಅಂತ ಹೆಸರಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಮ್ಮ ಖುಷಿಗೆ, ಎಂಟು ಗಂಟೆ ವಿಶ್ರಾಂತಿ ಅನ್ನುವ ಲೆಕ್ಕ ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವೆನ್ ಕಾಲದ್ದು, ಅಂದರೆ 1817ರ ಸುಮಾರಿನದು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಆ ನಡುವಿನ ಎಂಟು ಗಂಟೆಯಲ್ಲಿ ಕೆಲಸಕ್ಕೆ ಹೋಗಿ ಬರುವ ದಾರಿ ಇದೆ, ಅಡುಗೆ ಇದೆ, ಪಾತ್ರೆ ಇದೆ, ಬಟ್ಟೆ ಇದೆ, ಮಕ್ಕಳ ಹೋಮ್‌ವರ್ಕ್ ಇದೆ. ಎಲ್ಲ ಕಳೆದು ಒಂದೋ ಎರಡೋ ಗಂಟೆ ಉಳಿದರೆ ಅದೇ ದೊಡ್ಡದು. ಅದೂ ಮೈ ಮನಸ್ಸು ಎರಡೂ ಸೋತುಹೋದ ಹೊತ್ತಿನಲ್ಲಿ.

ಇನ್ನೊಂದು ವಿಷಯವಿದೆ. ಇವತ್ತು ಎಷ್ಟೋ ಜನರ ಕೆಲಸವೇ ದಿನವಿಡೀ ಮಾತಾಡುವುದು. ಗಿರಾಕಿಗಳ ಜೊತೆ, ರೋಗಿಗಳ ಜೊತೆ, ಮಕ್ಕಳ ಜೊತೆ, ಮೀಟಿಂಗ್‌ಗಳಲ್ಲಿ. ಬೇಸರವಾದರೂ ನಗಬೇಕು. ಸಿಟ್ಟು ಬಂದರೂ ನುಂಗಿಕೊಳ್ಳಬೇಕು. ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1983ರಲ್ಲೇ ಇದನ್ನು ಭಾವನೆಗಳ ದುಡಿಮೆ ಅಂತ ಕರೆದರು. ಮೂಟೆ ಹೊತ್ತ ಸುಸ್ತು ಎಲ್ಲರ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸ್ನೇಹಿತರ ಎದುರು ಬೇಕಾಗುವ ತಾಳ್ಮೆ, ನಗು, ಕೇಳಿಸಿಕೊಳ್ಳುವ ಕಿವಿ ಎಲ್ಲವೂ ಸಂಜೆಯ ಹೊತ್ತಿಗೆ ಖರ್ಚಾಗಿಬಿಟ್ಟಿರುತ್ತದೆ.

"ನಾನು ಅಂತರ್ಮುಖಿ, ಅದಕ್ಕೇ ಹೀಗೆ" ಅಂತ ತಮ್ಮನ್ನು ತಾವೇ ದೂರಿಕೊಳ್ಳುವವರೂ ಇದ್ದಾರೆ. ಅವರಿಗೆ ಫಿನ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಬೇಕು ಅನಿಸುತ್ತದೆ. ಜನರ ಜೊತೆ ಚುರುಕಾಗಿ ಬೆರೆತಾಗ ಆ ಹೊತ್ತಿಗೆ ಮನಸ್ಸು ಉಲ್ಲಾಸದಿಂದ ಇರುತ್ತದೆ, ಸುಮಾರು ಮೂರು ಗಂಟೆ ಕಳೆದ ಮೇಲೆ ಸುಸ್ತು ಹೆಚ್ಚುತ್ತದೆ ಅಂತ ಅದರಲ್ಲಿ ಕಂಡುಬಂತು. ಮಾತುಗಾರರು ಅನಿಸಿಕೊಂಡವರಿಗೂ ಅಷ್ಟೇ. ಜನರ ಜೊತೆ ಇದ್ದು ಬಂದ ಮೇಲೆ ದಣಿವಾಗುವುದು ಯಾರ ಸ್ವಭಾವದ ದೋಷವೂ ಅಲ್ಲ.

ಹಾಗಾದರೆ ಮಾಡೋದೇನು? ನಾನು ಒಂದೇ ಮಾತು ಗಟ್ಟಿಯಾಗಿ ಹೇಳುತ್ತೇನೆ. ಶಕ್ತಿ ಬರಲಿ, ಆಮೇಲೆ ಸಿಗೋಣ ಅಂತ ಕಾಯಬೇಡಿ. ಸುಸ್ತಾಗಿರುವಾಗಲೇ ಸಿಗಿ.

ನಮ್ಮನ್ನು ದಣಿಸುವುದು ಸ್ನೇಹಿತರಿಗಿಂತ ಜಾಸ್ತಿ ಭೇಟಿಯ ಸಿದ್ಧತೆ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾರ್ಯಾರು ಅಂತ ಗ್ರೂಪಿನಲ್ಲಿ ನೂರು ಮೆಸೇಜ್. ಮನೆಗೆ ಕರೆದರೆ ಮನೆ ಒಪ್ಪ ಮಾಡಬೇಕು. ಹೊರಗೆ ಹೋದರೆ ಚೆನ್ನಾಗಿ ತಯಾರಾಗಬೇಕು. ಹೋದ ಮೇಲೆ ಲವಲವಿಕೆಯಿಂದ ಇರಬೇಕು, ಬೇಗ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಇದಿಷ್ಟನ್ನೂ ನೆನೆಸಿಕೊಂಡೇ ಅರ್ಧ ಜೀವ ಹೋಗುತ್ತದೆ. ಇದನ್ನೆಲ್ಲ ಕೈಬಿಟ್ಟು ನೋಡಿ. ಭೇಟಿ ಎಷ್ಟು ಹಗುರವಾಗುತ್ತದೆ ಅಂತ ಗೊತ್ತಾಗುತ್ತದೆ.

ನನ್ನ ಗೆಳತಿಯೊಬ್ಬಳು ಕೆಲಸ ಮುಗಿಸಿಕೊಂಡು ಹಾಗೇ ನನ್ನ ಮನೆಗೆ ಬರುವುದುಂಟು. ಮೊನ್ನೆ ಬಂದಾಗ ನಾನು ಒಣಗಿದ ಬಟ್ಟೆಯ ರಾಶಿ ಮುಂದೆ ಕೂತಿದ್ದೆ. ಅವಳು ಬ್ಯಾಗ್ ಮೂಲೆಗಿಟ್ಟು, ಕೇಳದೇ ಹೇಳದೇ ಹಾಸಿಗೆ ಹೊದಿಕೆಯ ಎರಡು ತುದಿ ಹಿಡಿದುಕೊಂಡಳು. ಇನ್ನೆರಡು ತುದಿ ನನ್ನ ಕೈಯಲ್ಲಿ. ಜಾಡಿಸಿ, ಎಳೆದು, ಮಡಿಸಿ, ತುದಿಗೆ ತುದಿ ಸೇರಿಸಲು ಇಬ್ಬರೂ ಹತ್ತಿರ ಬಂದಾಗ, "ಅಮ್ಮನ ರಿಪೋರ್ಟ್ ಬಂತು, ಅಷ್ಟು ಚೆನ್ನಾಗಿಲ್ಲ" ಅಂದಳು. ಹೊದಿಕೆ ಅರ್ಧಕ್ಕೇ ನಿಂತಿತು. ಎದುರುಬದುರು ಕೂರಿಸಿ "ಏನ್ ಸಮಾಚಾರ, ಹೇಳು" ಅಂದಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲವೇನೋ. ಅವಳೂ ಸುಸ್ತಾಗಿದ್ದಳು, ನಾನೂ ಸುಸ್ತಾಗಿದ್ದೆ. ಇಬ್ಬರೂ ಅದನ್ನು ಮುಚ್ಚಿಡಲಿಲ್ಲ ಅಷ್ಟೇ.

ಸ್ನೇಹಕ್ಕೆ ಬೇಕಾದದ್ದು ಇಂಥ ಸಾದಾ ಹೊತ್ತು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು. ಬರೀ ಪರಿಚಯ ಮಾಮೂಲಿ ಸ್ನೇಹವಾಗಲು ಸುಮಾರು 50 ಗಂಟೆ ಬೇಕು. ಸ್ನೇಹಿತರು ಅನ್ನಿಸಿಕೊಳ್ಳಲು ಸುಮಾರು 90 ಗಂಟೆ. ಆಪ್ತರಾಗಲು 200ಕ್ಕೂ ಹೆಚ್ಚು. ಒಟ್ಟಿಗೆ ಕೂತು ಬರೀ ಕೆಲಸ ಮಾಡಿದ ಸಮಯಕ್ಕೆ ಇದರಲ್ಲಿ ಅಷ್ಟು ಬೆಲೆ ಇಲ್ಲ. ಹರಟೆ, ಆಟ, ಸುಮ್ನೆ ಜೊತೆಗಿರೋದು, ಇವುಗಳಿಗೇ ಬೆಲೆ. ವರ್ಷಗಟ್ಟಲೆ ಪಕ್ಕದಲ್ಲೇ ಕೂತ ಸಹೋದ್ಯೋಗಿಯ ಮನೆಯಲ್ಲಿ ಯಾರಿದ್ದಾರೆ ಅನ್ನೋದೂ ನಮಗೆ ಗೊತ್ತಿರಲ್ಲ, ಅಲ್ವಾ? 200 ಗಂಟೆಯನ್ನು ಅಪರೂಪದ ಅದ್ದೂರಿ ಭೇಟಿಗಳಿಂದ ತುಂಬಿಸಲು ಹೊರಟರೆ ಆಯುಷ್ಯ ಸಾಲದು. ಸಣ್ಣಪುಟ್ಟ ಕೆಲಸಗಳ ನಡುವೆಯೇ ಅದು ತುಂಬಬೇಕು. ವಾಕಿಂಗ್ ಹೇಗೂ ಹೋಗುತ್ತೀರಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ದಿನಸಿ ತರಬೇಕು, ಇಬ್ಬರೂ ಒಟ್ಟಿಗೆ ಹೋಗಿ.

ಹೋಗಲಾಗದಿದ್ದರೆ ಫೋನ್ ಮಾಡಿ. ಟೈಪ್ ಮಾಡೋದು ಸುಲಭ ಅನಿಸುತ್ತದೆ, ಕರೆ ಮಾಡಿದರೆ ಮುಜುಗರವಾದೀತು ಅನಿಸುತ್ತದೆ. ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ಹೆದರಿದಷ್ಟು ಮುಜುಗರ ಆಗಲಿಲ್ಲ. ಬರಹಕ್ಕಿಂತ ದನಿ ಹೆಚ್ಚು ಹತ್ತಿರ ತಂದಿತು. ಎರಡು ನಿಮಿಷದ ಕರೆಯಾದರೂ ಸರಿ. "ಸುಸ್ತಾಗಿದೀನಿ, ನಿನ್ನ ದನಿ ಕೇಳಬೇಕು ಅನಿಸಿತು" ಅಂದರೆ ಸಾಕು. ಹಳೆಯ ಸ್ನೇಹಿತರಿಗೆ ಮೆಸೇಜ್ ಮಾಡಲು ಹಿಂಜರಿಯುವವರಿಗೆ ಇನ್ನೊಂದು ವಿಷಯ ತಿಳಿದಿರಲಿ. 2022ರಲ್ಲಿ ಪೆಗ್ಗಿ ಲಿಯು ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಪ್ರಕಾರ, ನಮ್ಮ ಮೆಸೇಜ್ ನೋಡಿ ಎದುರಿನವರಿಗೆ ಆಗುವ ಸಂತೋಷ ನಾವು ಊಹಿಸುವುದಕ್ಕಿಂತ ಜಾಸ್ತಿ. ಅದರಲ್ಲೂ ಅವರು ನಿರೀಕ್ಷಿಸದೇ ಇದ್ದಾಗ.

ದಿನ ನಿಗದಿ ಮಾಡಿಬಿಡುವುದು ಕೂಡ ದೊಡ್ಡ ಉಪಾಯ. ನಮ್ಮ ಗುಂಪಿನದು ಗುರುವಾರ. ಅದೇ ಜಾಗ, ಅದೇ ಹೊತ್ತು. ಬಂದವರು ಬಂದರು. ಬಾರದವರು ಕಾರಣ ಕೊಡಬೇಕಾಗಿಲ್ಲ. ಅರ್ಧ ಗಂಟೆ ಕೂತು ಎದ್ದು ಹೋದರೂ ಯಾರೂ ಏನೂ ಅನ್ನುವುದಿಲ್ಲ. ತೀರ್ಮಾನ ಒಂದೇ ಸಲ ಆಗಿಹೋಗಿರುವುದರಿಂದ ಪ್ರತಿ ವಾರ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಕೆಲವು ದಿನ ನಿದ್ದೆಯೇ ಮೊದಲು, ಅದೂ ಸರಿ. 2018ರಲ್ಲಿ ನಿದ್ದೆಯ ಸಂಶೋಧಕರಾದ ಎತಿ ಬೆನ್ ಸೈಮನ್ ಮತ್ತು ಮ್ಯಾಥ್ಯೂ ವಾಕರ್ ತೋರಿಸಿಕೊಟ್ಟಂತೆ, ನಿದ್ದೆಗೆಟ್ಟವರು ಹತ್ತಿರ ಬರುವವರನ್ನು ಹೆಚ್ಚು ದೂರದಲ್ಲೇ ನಿಲ್ಲಿಸುತ್ತಾರೆ. ಯಾರೂ ಬೇಡ ಅನಿಸುವ ಸಂಜೆ ಸ್ನೇಹವನ್ನೇ ಅನುಮಾನಿಸುವ ಮೊದಲು ಹಿಂದಿನ ರಾತ್ರಿ ಎಷ್ಟು ಮಲಗಿದ್ದಿರಿ ಅಂತ ನೆನಪು ಮಾಡಿಕೊಳ್ಳಿ.

ಆದರೆ ಎಲ್ಲ ಭಾರವನ್ನೂ ದುಡಿಯುವವರ ತಲೆಗೇ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ರಾತ್ರಿ ಒಂಬತ್ತಕ್ಕೆ "ಇದೊಂದು ನೋಡಿಬಿಡಿ" ಅಂತ ಬರುವ ಮೆಸೇಜ್ ನಮ್ಮ ಸ್ನೇಹಿತರ ಪಾಲಿನ ಹೊತ್ತನ್ನು ಕಿತ್ತುಕೊಳ್ಳುತ್ತದೆ. ಮೈ ಮನೆಯಲ್ಲಿದ್ದರೂ ತಲೆ ಕೆಲಸದಲ್ಲೇ ಇರುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಲ್ಲೇ ಕಾನೂನಾಗಿ ಜಾರಿಗೆ ತಂದಿದೆ. ಆಸ್ಟ್ರೇಲಿಯಾ 2024ರಲ್ಲಿ. ಒಂಟಿತನವನ್ನು ಆರೋಗ್ಯದ ಸಮಸ್ಯೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಅನ್ನುವುದು ಅದರ 2025ರ ವರದಿಯ ಅಂದಾಜು. ಸಂಜೆಯ ಹೊತ್ತನ್ನು ಕಾಪಾಡುವುದು ಕೆಲಸ ಕೊಟ್ಟವರ ಹೊಣೆಯೂ ಹೌದು.

ಇದೆಲ್ಲ ಓದಿ "ನನಗೆ ಆ ಗುರುವಾರವೂ ಸಿಗಲ್ಲ" ಅನ್ನುವವರಿದ್ದಾರೆ. ರಾತ್ರಿ ಪಾಳಿಯವರು, ಪುಟ್ಟ ಮಗು ಇರುವವರು, ಹಾಸಿಗೆ ಹಿಡಿದವರ ಆರೈಕೆ ಮಾಡುವವರು. ಅವರಿಗೆ ಬುದ್ಧಿ ಹೇಳುವುದು ಬೇಡ. ಅವರ ಬಳಿಗೆ ನಾವೇ ಹೋಗೋಣ. "ಯಾವಾಗ ಬಿಡುವು?" ಅಂತ ಕೇಳುವ ಬದಲು "ನಾಳೆ ಆರಕ್ಕೆ ಬರಲಾ? ಮಗು ನನ್ನ ಹತ್ತಿರ ಇರಲಿ, ನೀನು ನಿಧಾನವಾಗಿ ಸ್ನಾನ ಮಾಡು" ಅಂತ ಕೇಳೋಣ. ಹೂಂ ಅಂದರೆ ಹೋಗೋಣ, ಬೇಡ ಅಂದರೆ ಮುಂದಿನ ವಾರ ಮತ್ತೆ ಕೇಳೋಣ.