ಸತ್ಯಾಂಶ: ಅಣಬೆ ಮಣ್ಣಲ್ಲಿರೋ ಸೀಸಾನ ತಿಂದು ಮಾಯ ಮಾಡುತ್ತಾ?

"ಅಣಬೆ ಬೆಳೆಸಿ, ಮಣ್ಣಲ್ಲಿರೋ ಸೀಸ, ಕ್ಯಾಡ್ಮಿಯಂ ಎಲ್ಲಾ ತಿಂದು ಮಾಯ ಮಾಡ್ಬಿಡುತ್ತೆ" ಅಂತ ಒಂದು ಮೆಸೇಜ್ ಫಾರ್ವರ್ಡ್ ಆಗ್ತಿದೆ. ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ಸೀಸ ಒಂದು ಮೂಲಧಾತು, ಅದನ್ನ ಯಾವ ಜೀವಿನೂ ಇಲ್ಲದಂಗೆ ಮಾಡೋಕಾಗಲ್ಲ, ರೂಪ ಬದಲಾಗುತ್ತೆ, ಜಾಗ ಬದಲಾಗುತ್ತೆ ಅಷ್ಟೇ.

ನಿಜವಾಗಿ ಆಗೋದೇನಂದ್ರೆ, ಅಣಬೆ ಅಂದ್ರೆ ಒಂಥರ ಶಿಲೀಂಧ್ರ, ಶಿಲೀಂಧ್ರದ ಎಳೆಗಳು ಮಣ್ಣೊಳಗೆ ಹಬ್ತಾ ಆಕ್ಸಾಲಿಕ್ ಆಸಿಡ್, ಸಿಟ್ರಿಕ್ ಆಸಿಡ್ ಥರದ್ದನ್ನ ಹೊರಗೆ ಬಿಡ್ತವೆ, ಅವು ಕಲ್ಲಿನ ಕಣದಲ್ಲಿರೋ ಲೋಹಾನ ಕರಗಿಸಿ ಹಿಡ್ಕೊಳ್ತವೆ. ಕಬ್ಬಿಣಕ್ಕೆ ಅಂತಾನೇ ಸಿಡೆರೋಫೋರ್ ಅನ್ನೋ ಸಣ್ಣ ಅಣುಗಳಿವೆ, ಯಾಕಂದ್ರೆ ಗಾಳಿ ಆಡೋ ಮಣ್ಣಲ್ಲಿ ಕಬ್ಬಿಣ ಎಷ್ಟೇ ಇದ್ರೂ ತುಕ್ಕಾಗಿ ಕೂತಿರುತ್ತೆ, ನೀರಲ್ಲಿ ಹೆಚ್ಚುಕಮ್ಮಿ ಕರಗೋದೇ ಇಲ್ಲ, ಈ ಅಣು ಅದನ್ನ ಸುತ್ತಲಿಂದ ಬಿಗಿಯಾಗಿ ಹಿಡಿದು ಕೋಶದೊಳಗೆ ತರೋಕೆ ದಾರಿ ಮಾಡುತ್ತೆ. ಇಂಥದೇ ಒಂದು ಅಣು ಫೆರಿಕ್ರೋಮ್, ಅದನ್ನ 1952ರಲ್ಲೇ ಗಿಡಗಳಿಗೆ ಕಾಡಿಗೆ ರೋಗ ತರೋ ಒಂದು ಶಿಲೀಂಧ್ರದಿಂದ ಬೇರ್ಪಡಿಸಿದ್ರು. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ನೋಡಿ!

ಸೀಸದ ವಿಷಯದಲ್ಲಿ ಕಟ್ಟಿಹಾಕೋದು, ಬಿಡಿಸೋದು ಎರಡೂ ನಡೆಯುತ್ತೆ. ಆಕ್ಸಾಲಿಕ್ ಆಸಿಡ್‌ನಿಂದ ಬರೋ ಆಕ್ಸಲೇಟ್ ಜೊತೆ ಸೇರಿ ಹರಳಾಗಿ ಕೂತ್ರೆ ನೀರಿಗೆ ಅಷ್ಟಾಗಿ ಸೇರಲ್ಲ, ಒಳ್ಳೇದೇ. ಆದ್ರೆ ತುಂಬಾ ಸ್ಥಿರ ಅಂದ್ಕೊಂಡಿದ್ದ ಪೈರೋಮಾರ್ಫೈಟ್ ಅನ್ನೋ ಸೀಸದ ಖನಿಜಾನೂ ಆಸ್ಪರ್ಜಿಲಸ್ ನೈಗರ್ ಅನ್ನೋ ಶಿಲೀಂಧ್ರ ಕರಗಿಸೋದು ಲ್ಯಾಬಲ್ಲಿ ಕಂಡಿದೆ, ಅಂದ್ರೆ ಕಟ್ಟಿಹಾಕಿದ್ದ ಸೀಸ ಮತ್ತೆ ಓಡಾಡೋಕೆ ಶುರು.

ಇನ್ನು ಕೆಲವು ಅಣಬೆ ಕ್ಯಾಡ್ಮಿಯಂ, ಪಾದರಸಾನ ಮೈಯಲ್ಲೇ ಕೂಡಿಡ್ತವೆ, ಹಾಗಾಗಿ ಕಲುಷಿತ ಮಣ್ಣಲ್ಲಿ ಬೆಳೆದಿದ್ದನ್ನ ದಯವಿಟ್ಟು ತಿನ್ಬೇಡಿ. ಕಿತ್ತು ಅಲ್ಲೇ ಬಿಟ್ರೂ ಅದು ಕೊಳೆತು ಲೋಹ ವಾಪಸ್ ಮಣ್ಣಿಗೇ ಹೋಗುತ್ತೆ.