ಪಾರ್ಕಿನ ನ್ಯಾಯಪೀಠ

ನಮ್ಮ ಪಾರ್ಕಿನ ಕಲ್ಲುಬೆಂಚಿಗೆ ನ್ಯಾಯಪೀಠವೆಂದೇ ಹೆಸರಿಡಬೇಕು. 2025ರ ಮಾರ್ಚ್‌ನಲ್ಲಿ ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿದ್ಯಾರ್ಥಿನಿ ಕಾಣೆಯಾದಳಲ್ಲ, ಆಗ ನೋಡಬೇಕಿತ್ತು. ಕೊನೆಯದಾಗಿ ಅವಳ ಜೊತೆಯಲ್ಲಿದ್ದ ಹುಡುಗನನ್ನು ಪೊಲೀಸರು ಶಂಕಿತನೆಂದು ಕರೆದಿರಲಿಲ್ಲ. ನಮ್ಮ ರಾಯರು ಮಾತ್ರ ಸೆಕೆಯಲ್ಲೂ ಬಿಡದ ಮಫ್ಲರ್ ಬಿಚ್ಚುತ್ತಲೇ, "ಇವನೇ ರೀ, ಕಣ್ಣು ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ತೀರ್ಪು ಕೊಟ್ಟುಬಿಟ್ಟರು. ಮೊಬೈಲಿನಲ್ಲಿದ್ದದ್ದು ಉಗುರಿನಷ್ಟು ಚಿತ್ರ. ಕನ್ನಡಕವಿಲ್ಲದೆ ಅವರಿಗೆ ಹಾಲಿನ ಪ್ಯಾಕೆಟ್ಟಿನ ತಾರೀಖೂ ಕಾಣುವುದಿಲ್ಲ!

2013ರಲ್ಲಿ ಕಾಣೆಯಾಗಿದ್ದ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಹುಡುಗನನ್ನು ಜನ ಹೀಗೆಯೇ ಬಾಸ್ಟನ್ ಮ್ಯಾರಥಾನ್ ಓಟದ ಬಾಂಬ್ ಸ್ಫೋಟದ ಆರೋಪಿ ಮಾಡಿದ್ದರು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಆ ವಿಶ್ವವಿದ್ಯಾಲಯವಿರುವ ಪ್ರಾವಿಡೆನ್ಸ್ ನಗರದ ನದಿಯಲ್ಲಿ ಅವನ ಶವ ಸಿಕ್ಕಿತು. ಇದನ್ನೂ ಹೇಳಿದೆ. "ಅದು ಬೇರೆ ಕೇಸು ಬಿಡಿ" ಎಂದು ರಾಯರು ಮಫ್ಲರ್ ಸುತ್ತಿಕೊಂಡರು.