ಆಟಕ್ಕುಂಟು ಲೆಕ್ಕಕ್ಕಿಲ್ಲ

ಅಮೆರಿಕದಲ್ಲಿ ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವ ಗಡುವಾದ ಏಪ್ರಿಲ್ 15 ಹತ್ತಿರವಾದಂತೆ ನಮ್ಮ ಸಂಸಾರದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಫಾರ್ಮ್ 1040 ಎಂಬ ತೆರಿಗೆ ರಿಟರ್ನ್ ತೀರ್ಮಾನಿಸುತ್ತದೆ. ಅದರಲ್ಲಿ ಅವಲಂಬಿತರಿಗೆಂದೇ ಒಂದು ಪುಟ್ಟ ಕೋಷ್ಟಕವಿದೆ. ಅಲ್ಲಿ ಜಾಗ ಸಿಕ್ಕವರು ಮನೆಯವರು, ಉಳಿದವರು ಬಂದು ಹೋಗುವವರು.

ಈ ಕಾನೂನಿಗೆ ಕರುಣೆ ಇಲ್ಲವೆನ್ನಲಾಗದು. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹುಟ್ಟಿದ ಮಗುವೂ ಇಡೀ ವರ್ಷ ತಂದೆತಾಯಿಯ ಜೊತೆ ಬಾಳಿದಂತೆ ಲೆಕ್ಕ. ಬೇರೆ ರಾಜ್ಯದ ಹಾಸ್ಟೆಲಿನಲ್ಲಿದ್ದು, ಬಟ್ಟೆ ಒಗೆಸಿಕೊಳ್ಳಲು ಮಾತ್ರ ಮನೆಗೆ ಬರುವ ನನ್ನ ಮಗ ಕೂಡ ಕಾನೂನಿನ ಕಣ್ಣಿನಲ್ಲಿ ನನ್ನೊಡನೆಯೇ ವಾಸವಾಗಿದ್ದಾನೆ. ಓದಿಗಾಗಿ ಹೋದದ್ದು ತಾತ್ಕಾಲಿಕ ಗೈರುಹಾಜರಿಯಂತೆ. ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ತುಂಬುವವರೆಗೂ ಈ ರಿಯಾಯಿತಿ ಉಂಟು. ತನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಅವನೇ ಭರಿಸಬಾರದು, ಅಷ್ಟೇ. ಆ ಭಯ ನನಗೆ ಎಂದೂ ಕಾಡಿಲ್ಲ.

ಕಾಡಿದ್ದು ಅವನ ಸ್ವಾಭಿಮಾನ. ಕಾಲೇಜಿನ ಗ್ರಂಥಾಲಯದಲ್ಲಿ ದುಡಿದು 2024ರಲ್ಲಿ ಸುಮಾರು ನಾಲ್ಕು ಸಾವಿರ ಡಾಲರ್ ಗಳಿಸಿದ್ದ. ಅವನಂಥವರ ಸಂಬಳ ಆ ವರ್ಷ 14,600 ಡಾಲರ್ ದಾಟದಿದ್ದರೆ ರಿಟರ್ನ್ ಸಲ್ಲಿಸುವ ಹಂಗೇ ಇಲ್ಲ. ಆದರೆ ಸಂಬಳದಲ್ಲಿ ಮುರಿದುಕೊಂಡ ತೆರಿಗೆ ವಾಪಸ್ ಬೇಕಿದ್ದರೆ ಸಲ್ಲಿಸಲೇಬೇಕು. ಸಲ್ಲಿಸಿದ, ನಮಗಿಂತ ಮೊದಲೇ. ‘ಬೇರೆ ಯಾರಾದರೂ ನಿಮ್ಮನ್ನು ಅವಲಂಬಿತರೆಂದು ತೋರಿಸಬಹುದೇ?’ ಎಂಬ ಪ್ರಶ್ನೆಯ ಮುಂದಿನ ಚೌಕವನ್ನು ಖಾಲಿ ಬಿಟ್ಟ. ‘ಅಪ್ಪ, ದುಡಿಯುವವನು ಅವಲಂಬಿತ ಹೇಗಾಗುತ್ತಾನೆ?’ ಎಂದು ಆಮೇಲೆ ಕೇಳಿದ. ಕೇಳಿದ್ದು ನಾನು ಬಿಲ್ ಕಟ್ಟುವ ಫೋನಿನಿಂದ.

ನಾವು ಕಳುಹಿಸಿದ ರಿಟರ್ನ್ ಗೋಡೆಗೆ ಎಸೆದ ಚೆಂಡಿನಂತೆ ಹಿಂದಿರುಗಿತು. ಮಗನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ, ಅಂದರೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯ, ವ್ಯಕ್ತಿ ಆಗಲೇ ಬೇರೊಂದು ರಿಟರ್ನ್‌ನಲ್ಲಿ ಸ್ವತಂತ್ರನಾಗಿದ್ದಾನೆ ಎಂಬುದು ಕಾರಣ. ಅವಲಂಬಿತನ ಹೆಸರಿನಲ್ಲಿ ನಮ್ಮ ತೆರಿಗೆಯಿಂದ ಕಳೆಯಲು ಸಿಗುವ 500 ಡಾಲರ್ ಕ್ರೆಡಿಟ್, ಕಾಲೇಜು ಶುಲ್ಕದ ಮೇಲೆ 2,500ರವರೆಗೆ ಸಿಗಬಹುದಾದ ಇನ್ನೊಂದು, ಎರಡೂ ಆ ಖಾಲಿ ಚೌಕದೊಳಗೆ ಸಿಕ್ಕಿಕೊಂಡಿದ್ದವು. ತಮಾಷೆಯೆಂದರೆ, ಗುರುತು ಹಾಕಿದ್ದರೂ ಅವನಿಗೆ ಒಂದು ಸೆಂಟ್ ಕೂಡ ಕಡಿಮೆಯಾಗುತ್ತಿರಲಿಲ್ಲ. ಕೊನೆಗೆ 1040-ಎಕ್ಸ್ ಎಂಬ ತಿದ್ದುಪಡಿ ಅರ್ಜಿಯ ಮೂಲಕ ಮಗರಾಯ ಮತ್ತೆ ನಮ್ಮ ಮನೆ ಸೇರಿದ. ತುಂಬಿಕೊಟ್ಟದ್ದು ಅವನಮ್ಮ.

ಮಕ್ಕಳ ವಿಷಯದಲ್ಲಿ ಸರ್ಕಾರ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಹಿಂದೆ ಬರೀ ಹೆಸರು ಬರೆದರೆ ಸಾಕಿತ್ತು. 1987ರ ರಿಟರ್ನ್‌ನಿಂದ ಐದು ವರ್ಷ ತುಂಬಿದ ಅವಲಂಬಿತರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ನಮೂದಿಸಬೇಕೆಂದಾಗ ಸುಮಾರು 70 ಲಕ್ಷ ಅವಲಂಬಿತರು ದೇಶದಿಂದ ಮಾಯವಾದರು. ಕೆಲವರಿಗೆ ಬಾಲವೂ ಇತ್ತಂತೆ.

ಇನ್ನು ಕರ್ನಾಟಕದ ಸಾಗರದಲ್ಲಿರುವ ನಮ್ಮಮ್ಮ. ಆಕೆಯ ಔಷಧಿ, ಮನೆ ರಿಪೇರಿ, ವಿದ್ಯುತ್ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ನನ್ನದೇ. ಆದಾಯವೂ 2024ರ ಮಿತಿಯಾದ 5,050 ಡಾಲರಿಗಿಂತ ಕಡಿಮೆ. ಹೆತ್ತವರು ಜೊತೆಯಲ್ಲೇ ವಾಸಿಸಬೇಕೆಂದೇನೂ ಇಲ್ಲ. ಆದರೂ ಅಮ್ಮ ನಪಾಸು. ಅವಲಂಬಿತರು ಅಮೆರಿಕದ ಪ್ರಜೆಯೋ ನಿವಾಸಿಯೋ ಆಗಿರಬೇಕು. ತಪ್ಪಿದರೆ ಕೆನಡಾ ಅಥವಾ ಮೆಕ್ಸಿಕೋದಲ್ಲಾದರೂ ವಾಸವಾಗಿರಬೇಕು. ಇದನ್ನು ಫೋನಿನಲ್ಲಿ ವಿವರಿಸಿದೆ.

‘ಅಂದರೆ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದರು ಅಮ್ಮ. ‘ಆ ಮೆಕ್ಸಿಕೋದವರು ಏನು ಪುಣ್ಯ ಮಾಡಿದ್ದಾರೋ?’

ಒಂದೇ ವರ್ಷದಲ್ಲಿ ಇಲ್ಲಿ 183 ದಿನ ಇದ್ದರೆ ತೆರಿಗೆಯ ಮಟ್ಟಿಗೆ ನಿವಾಸಿ ಎನಿಸಿಕೊಳ್ಳಬಹುದು, 500 ಡಾಲರ್ ಕ್ರೆಡಿಟ್ಟಿಗೆ ದಾರಿಯಾದೀತು ಎಂದೆ. ಅತ್ತ ಸ್ವಲ್ಪ ಹೊತ್ತು ಲೆಕ್ಕ ನಡೆಯಿತು.

‘ಐನೂರು ಡಾಲರಿಗಾಗಿ ಆರು ತಿಂಗಳು ಆ ಚಳಿಯಲ್ಲಿ ಕೂರಬೇಕೇ? ಅಷ್ಟು ಹಣ ನಾನೇ ಕಳುಹಿಸುತ್ತೇನೆ ಬಿಡೋ.’

ಉಡುಗೊರೆ ಪಡೆದವರು ಅದಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಿಲ್ಲ, ಒಂದು ಲಕ್ಷ ಡಾಲರ್ ದಾಟುವವರೆಗೂ ಸರ್ಕಾರಕ್ಕೆ ತಿಳಿಸುವುದೂ ಬೇಡ ಎಂದು ಅಮ್ಮನಿಗೆ ತಕ್ಷಣ ಹೇಳಿಬಿಟ್ಟೆ.